ಕಲಿಯೂ ಕಣವೂ

"ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ" ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ತನ್ನೂರಿನ ಗರಡಿಯಲ್ಲಿ ಎದುರಾಳಿಗಳನ್ನೆಲ್ಲ ಚಿತ್ತುಮಾಡಿದ ಜಟ್ಟಿಯೊಬ್ಬನು ಪರಸ್ಥಳದ ದೊಡ್ಡ ಅಖಾಡಕ್ಕೆ ಹೋಗಿ ಹೆಸರಿಲ್ಲದೆ ಹಿಂದಿರುಗಿದನೆಂದರೆ, ಲೋಕವು ಈ ಗಾದೆಯನ್ನು ನುಡಿದು ತನ್ನ ವಿಚಾರಣೆಯನ್ನು ಮುಗಿಸಿಬಿಡುತ್ತದೆ. ಅವನು ಹಿಂದೆ ಪಡೆದ ಜಯಗಳ ಬೆಲೆಯೂ ಆ ಕ್ಷಣದಲ್ಲಿಯೇ ಇಳಿದುಹೋಗುತ್ತದೆ. ಊರಿನಲ್ಲಿ ಅವನಿಗೆ ಸರಿಯಾದ ಎದುರಾಳಿಗಳೇ ಇರಲಿಲ್ಲವೆಂದೂ, ನಿಜವಾದ ಪರೀಕ್ಷೆ ಈಗ ನಡೆದು ಬಣ್ಣ ಬಯಲಾಯಿತೆಂದೂ ಜನರು ಆಡಿಕೊಳ್ಳುವರು. ಸೋತವನು ತನ್ನ ಪಕ್ಷವನ್ನು ಹೇಳಿಕೊಳ್ಳಲು ಬಾಯಿ ತೆರೆದನೋ, ಅದಕ್ಕೂ ಒಂದು ಗಾದೆ ಸಿದ್ಧವಾಗಿದೆ: "ಕುಣಿಯಲಾರದವಳು ನೆಲ ಡೊಂಕೆಂದಳು." ಹೀಗೆ ಒಂದು ಗಾದೆಯು ಅವನನ್ನು ಅಪರಾಧಿಯೆಂದು ಸಾರುತ್ತದೆ, ಇನ್ನೊಂದು ಅವನ ಬಾಯಿಯನ್ನು ಕಟ್ಟುತ್ತದೆ.

ಆದರೆ ನೆಲವು ಎಂದಿಗೂ ಡೊಂಕಾಗಿರುವುದೇ ಇಲ್ಲವೆ? ಚಿಕ್ಕ ಕಣದಲ್ಲಿ ಗೆದ್ದವನು ದೊಡ್ಡ ಕಣದಲ್ಲಿ ಸೋತರೆ, ಆ ಸೋಲನ್ನು ಅವನ ಯೋಗ್ಯತೆಯ ಮೇಲಿನ ಕಡೆಯ ತೀರ್ಪೆಂದು ಎಣಿಸುವುದು ನ್ಯಾಯವೆ? ಇದು ಮಲ್ಲರಿಗೂ ಆಟಗಾರರಿಗೂ ಮಾತ್ರ ಸೇರಿದ ಪ್ರಶ್ನೆಯಲ್ಲ. ಓದಿಗಾಗಿ, ಉದ್ಯೋಗಕ್ಕಾಗಿ, ಕಲೆಗಾಗಿ ಮಕ್ಕಳನ್ನು ದೂರದ ದೊಡ್ಡ ಸ್ಥಳಗಳಿಗೆ ಕಳುಹಿಸಿದ ಪ್ರತಿಯೊಂದು ಮನೆಯೂ ಒಂದಲ್ಲ ಒಂದು ದಿನ ಇದನ್ನು ಎದುರಿಸಬೇಕಾಗುತ್ತದೆ. ಆಟದ ಕಣದಲ್ಲಿ ಗೆಲುವು ಸೋಲುಗಳು ಎಲ್ಲರ ಕಣ್ಣಿಗೂ ಕಾಣುವಂತಿರುವುದರಿಂದ, ಅಲ್ಲಿಂದ ವಿಚಾರವನ್ನು ಮೊದಲುಮಾಡುವುದು ಸುಲಭ.

ಮೊದಲಿಗೆ ವೃತ್ತಿಮಲ್ಲರ ಲೋಕದ ಒಂದು ನಿದರ್ಶನವನ್ನು ನೋಡಬಹುದು. ಹಣ ತೆತ್ತ ಪ್ರೇಕ್ಷಕರ ಮುಂದೆ ನಡೆಯುವ ಈ ಬಗೆಯ ಕುಸ್ತಿಯು ಗರಡಿಯ ಕುಸ್ತಿಯಂತಲ್ಲ. ಯಾರು ಗೆಲ್ಲಬೇಕು, ಯಾರು ಸೋಲಬೇಕು ಎಂಬುದನ್ನು ಪ್ರದರ್ಶನವನ್ನು ನಡೆಸುವ ಸಂಸ್ಥೆಯೇ ಮುಂಚಿತವಾಗಿ ಗೊತ್ತುಮಾಡಿರುತ್ತದೆ. ಪಟ್ಟುಗಳೂ ಪೆಟ್ಟುಗಳೂ ಮೈನೋವೂ ನಿಜ. ಫಲಿತಾಂಶ ಮಾತ್ರ ನಾಟಕದ ಕಥೆಯಂತೆ ಕಟ್ಟಿದುದು. ಜಪಾನಿನಲ್ಲಿ ಕೆಂಟಾ ಎಂಬ ಹೆಸರಿನಿಂದ ಪ್ರಸಿದ್ಧನಾದ ಮಲ್ಲನು 2013ರಲ್ಲಿ ನೋವಾ ಎಂಬ ಅಲ್ಲಿನ ಸಂಸ್ಥೆಯ ಅತ್ಯುನ್ನತ ಪದವಿಯನ್ನು ಪಡೆದು, ಸುಮಾರು ಒಂದು ವರ್ಷದ ಕಾಲ ಅದನ್ನು ಉಳಿಸಿಕೊಂಡಿದ್ದನು. 2014ರಲ್ಲಿ ಅವನು ಈ ಉದ್ಯಮದಲ್ಲಿಯೇ ಎಲ್ಲಕ್ಕಿಂತ ದೊಡ್ಡದಾದ ಅಮೆರಿಕದ ಡಬ್ಲ್ಯೂ.ಡಬ್ಲ್ಯೂ.ಇ. ಸಂಸ್ಥೆಗೆ ಸೇರಿದನು. ಅಲ್ಲಿ ಮೊದಲು ಆದುದು ಹೆಸರಿನ ಬದಲಾವಣೆ. ಕೆಂಟಾ ಹೋಗಿ ಹಿಡಿಯೋ ಇಟಾಮಿ ಎಂದಾಯಿತು. ಮರುವರ್ಷ ಭುಜಕ್ಕೆ ಪೆಟ್ಟು ಬಿದ್ದು ಬಹುಕಾಲ ಕಣದಿಂದ ದೂರವಿರಬೇಕಾಯಿತು. ಕೊನೆಗೆ ಅವನಿಗೆ ದೊರೆತುದು ಕಡಿಮೆ ತೂಕದವರಿಗೆಂದೇ ಮೀಸಲಾದ ಒಂದು ಸಣ್ಣ ಪ್ರದರ್ಶನದಲ್ಲಿ ಸ್ಥಾನ. ಒಂದು ಪದವಿಯನ್ನೂ ಗಳಿಸದೆ 2019ರ ಆದಿಯಲ್ಲಿ ಅವನು ತಾನಾಗಿಯೇ ಬಿಡುಗಡೆಯನ್ನು ಬೇಡಿ ಹೊರಬಂದನು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ, ತನ್ನ ಹಳೆಯ ಹೆಸರಿನಿಂದಲೇ, ಜಪಾನಿನ ಮತ್ತೊಂದು ಸಂಸ್ಥೆಯಲ್ಲಿ ಪದವಿಯನ್ನು ಗೆದ್ದನು.

ಈ ಕಥೆಯಲ್ಲಿ ಆಲೋಚನೆಗೆ ಎಡೆಗೊಡುವ ಒಂದು ಅಂಶವುಂಟು. ಗೆಲುವು ಸೋಲುಗಳನ್ನು ಅನ್ಯರು ಬರೆಯುವ ಕಡೆಯಲ್ಲಿ ಸೋತವನನ್ನು ದುರ್ಬಲನೆನ್ನಲು ಆಧಾರವಿಲ್ಲ. ಜಪಾನಿನಲ್ಲಿ ಅವನಿಗಾಗಿ ಒಂದು ಕಥೆಯಿತ್ತು. ಅವನ ಚಿಕ್ಕ ಮೈಯೂ ಚುರುಕಾದ ಒದೆತವೂ ಆ ಕಥೆಯ ಜೀವವಾಗಿದ್ದುವು. ಅಮೆರಿಕದ ಪ್ರದರ್ಶನದಲ್ಲಿ ಆ ಕಥೆಗೆ ಎಡೆಯಿರಲಿಲ್ಲ. ಐದು ವರ್ಷಗಳಲ್ಲಿ ಅವನ ವಯಸ್ಸು ಹೆಚ್ಚಿತು, ಮೈಗೆ ಪೆಟ್ಟು ಬಿತ್ತು. ಆದರೂ ಹಿಂದಿರುಗಿದ ಕೆಲವೇ ತಿಂಗಳಲ್ಲಿ ಅವನು ಮತ್ತೆ ಬೇಕಾದವನಾದನು. ಮನುಷ್ಯನು ಬೇರೆಯಾಗಲಿಲ್ಲ, ಕಣವು ಬೇರೆಯಾಯಿತು.

ಇದನ್ನು ಒಪ್ಪದವರು ಹೇಳಬಹುದಾದ ಮಾತೂ ಸ್ಪಷ್ಟವೇ. ನಾಟಕದ ಕುಸ್ತಿಯಿಂದ ನೀತಿಯನ್ನು ತೆಗೆಯುವುದು ಸಲ್ಲದು, ಫಲಿತಾಂಶವನ್ನು ಯಾರೂ ಮೊದಲೇ ಬರೆಯದ ನಿಜವಾದ ಆಟದಲ್ಲಿ ಈ ಸಮಾಧಾನವು ನಿಲ್ಲುವುದೆ, ಎಂದು ಅವರು ಕೇಳುವರು. ಪ್ರಶ್ನೆ ಯೋಗ್ಯವಾದುದು. ಇದಕ್ಕೆ ಉತ್ತರವನ್ನು ಅರಸಲು ಸಮುದ್ರವನ್ನು ದಾಟಬೇಕಾದುದಿಲ್ಲ; ಬೆಂಗಳೂರಿನ ದಂಡುಪ್ರದೇಶದ ಕಾಲ್ಚೆಂಡಾಟದ ಚರಿತ್ರೆಯೇ ಸಾಕು.

ಬ್ರಿಟಿಷ್ ಸೈನ್ಯವು ಬೀಡುಬಿಟ್ಟ ಬೆಂಗಳೂರು ದಂಡಿನಲ್ಲಿ ಸಿಪಾಯಿಗಳ ಆಟವಾಗಿದ್ದ ಫುಟ್‌ಬಾಲ್, ಸುತ್ತಲಿನ ಬಡಾವಣೆಗಳ ಹುಡುಗರ ಆಟವೂ ಆಯಿತು. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ವಿಗ್ರಹಗಳೊಡನೆ ಬ್ರೆಜಿಲ್ ದೇಶದ ಆಟಗಾರ ಪೆಲೆಯ ವಿಗ್ರಹವನ್ನೂ ನಿಲ್ಲಿಸಿರುವುದು ಆ ಪ್ರೀತಿಗೆ ಸಾಕ್ಷಿ. ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡವು 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದುಕೊಂಡಿತು. 1946–47ರಲ್ಲಿ ಮೈಸೂರು ಸಂಸ್ಥಾನದ ತಂಡವು ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಪಡೆಯಿತು. ಆದರೂ ಆ ದಿನಗಳಲ್ಲಿ ಕಾಲ್ಚೆಂಡಿನ ದೊಡ್ಡ ಕಣವೆಂದರೆ ಕಲ್ಕತ್ತೆಯೇ. ಹಣವೂ ಹೆಸರೂ ಜನಸಂದಣಿಯೂ ಅಲ್ಲಿಯೇ ಇದ್ದುವು.

1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಹಮದ್ ಖಾನರು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಆಡಿ, 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ದೊಡ್ಡ ಕಣವು ಅವರನ್ನು ನುಂಗಲಿಲ್ಲ; ಮೇಲಕ್ಕೆತ್ತಿತು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ ಎಂಬ ಐವರ ಮುಂಪಡೆಯನ್ನು ಕಲ್ಕತ್ತೆಯ ಜನರು ಪಂಚಪಾಂಡವರೆಂದು ಕರೆದರು. ಆ ತಂಡವು 1949, 1950, 1951 ಹೀಗೆ ಸತತವಾಗಿ ಮೂರು ವರ್ಷ ಐ.ಎಫ್.ಎ. ಷೀಲ್ಡನ್ನು ಗೆದ್ದಿತು. ಖಾನರು ಹತ್ತು ವರ್ಷಗಳ ಕಾಲ ಅಲ್ಲಿ ಆಡಿ, 2017ರಲ್ಲಿ ಬೆಂಗಳೂರಿನಲ್ಲಿಯೇ ಕಾಲವಾದರು.

ಅವರ ಪ್ರತಿಭೆಯ ವಿಷಯದಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಪ್ರತಿಭೆಯೊಂದೇ ಈ ಕಾರ್ಯವನ್ನು ಸಾಧಿಸಿತೆನ್ನುವುದು ಪೂರ್ಣಸತ್ಯವಾಗದು. ಈಸ್ಟ್ ಬೆಂಗಾಲಿನ ವ್ಯವಸ್ಥಾಪಕರಾಗಿದ್ದ ಜ್ಯೋತಿಷಚಂದ್ರ ಗುಹರು ದಕ್ಷಿಣದ ಆಟಗಾರರನ್ನು ಹುಡುಕಿ ಕರೆತಂದವರು. ಬೇಕಾಗಿದ್ದ ಸ್ಥಾನಕ್ಕೆ ಬೇಕಾದವರನ್ನು ಅವರು ಆರಿಸಿದರು. ಐವರೂ ದಕ್ಷಿಣದವರಾಗಿದ್ದುದರಿಂದ ಪರದೇಶಿತನದ ಭಾರವು ಒಬ್ಬನ ಹೆಗಲ ಮೇಲೆ ಬೀಳಲಿಲ್ಲ. ಆಡುವ ರೀತಿಯಾದರೂ ಹೊಸದಾಗಿರಲಿಲ್ಲ: ಬೆಂಗಳೂರಿನಲ್ಲಿ ಬರಿಗಾಲಿನಲ್ಲಿ ಆಡಿದವನು ಕಲ್ಕತ್ತೆಯಲ್ಲಿಯೂ ಬರಿಗಾಲಿನಲ್ಲಿ ಆಡಬಹುದಾಗಿತ್ತು. ಗಿಡವನ್ನು ಕಿತ್ತು ನೆಡುವಾಗ ಬೇರಿನೊಡನೆ ಒಂದು ಹಿಡಿ ಹಳೆಯ ಮಣ್ಣೂ ಬರಬೇಕೆಂಬುದನ್ನು ತೋಟಗಾರನು ಬಲ್ಲನು. ಖಾನರ ಪಾಲಿಗೆ ಆ ಹಿಡಿಮಣ್ಣು ಒದಗಿತ್ತು.

ಇದಕ್ಕೆ ಅರುವತ್ತು ವರ್ಷಗಳ ತರುವಾಯ ಮತ್ತೊಬ್ಬ ಆಟಗಾರರು ದೊಡ್ಡ ಕಣವನ್ನು ಅರಸಿ ಹೊರಟರು. ಸುನಿಲ್ ಛೇತ್ರಿಯವರು ಹುಟ್ಟಿದುದು 1984ರಲ್ಲಿ, ಸಿಕಂದರಾಬಾದಿನಲ್ಲಿ, ಸೈನಿಕರೊಬ್ಬರ ಮಗನಾಗಿ. ಬೆಂಗಳೂರು ಅವರಿಗೆ ಹುಟ್ಟೂರಲ್ಲದಿದ್ದರೂ, ಮುಂದೆ ಅವರ ಹೆಸರು ಈ ಊರಿನೊಡನೆ ಬೇರ್ಪಡಿಸಲಾರದಂತೆ ಕೂಡಿಕೊಂಡಿತು. ಭಾರತದ ದೊಡ್ಡ ತಂಡಗಳಲ್ಲೆಲ್ಲ ಗೋಲುಗಳನ್ನು ಹೊಡೆದ ಮೇಲೆ ಅವರು ಮೂರು ಬಾರಿ ಕಡಲಾಚೆಗೆ ಹೋಗಲು ಯತ್ನಿಸಿದರು. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ತಂಡವು ಅವರೊಡನೆ ಮೂರು ವರ್ಷಗಳ ಒಪ್ಪಂದವನ್ನು ಮಾಡಿಕೊಳ್ಳಲು ಸಿದ್ಧವಾಯಿತು. ಆದರೆ ಲೋಕದ ತಂಡಗಳ ಪಟ್ಟಿಯಲ್ಲಿ ಭಾರತವು ಮೊದಲ ಎಪ್ಪತ್ತರೊಳಗೆ ಇಲ್ಲವೆಂಬ ಕಾರಣದಿಂದ ಬ್ರಿಟಿಷ್ ಸರಕಾರವು ಉದ್ಯೋಗದ ಪರವಾನಗಿಯನ್ನು ನಿರಾಕರಿಸಿತು. 2010ರಲ್ಲಿ ಅಮೆರಿಕದ ಕ್ಯಾನ್ಸಾಸ್ ಸಿಟಿ ವಿಜರ್ಡ್ಸ್ ತಂಡವು ಅವರನ್ನು ಸೇರಿಸಿಕೊಂಡಿತು. ಅಲ್ಲಿನ ಲೀಗಿನ ಒಂದು ಪಂದ್ಯದಲ್ಲಿಯೂ ಆಡುವ ಅವಕಾಶವಾಗದೆ ಅವರು ಹಿಂದಿರುಗಿದರು. 2012ರ ಜುಲೈ ತಿಂಗಳಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಎಂಬ ಪ್ರಖ್ಯಾತ ತಂಡವು ಎರಡು ವರ್ಷಗಳ ಒಪ್ಪಂದವನ್ನು ಮಾಡಿಕೊಂಡಿತು. ಅಲ್ಲಿ ಅವರಿಗೆ ದೊರೆತುದು ಎರಡನೆಯ ತಂಡದಲ್ಲಿ, ಬೆರಳೆಣಿಕೆಯ ಪಂದ್ಯಗಳು. 2013ರ ಫೆಬ್ರವರಿಯ ವೇಳೆಗೆ ಅವರು ಗೋವೆಯ ಚರ್ಚಿಲ್ ಬ್ರದರ್ಸ್ ತಂಡಕ್ಕೆ ಎರವಲಾಗಿ ಬಂದಿದ್ದರು.

ಹೊರಗಿನಿಂದ ನೋಡುವವರಿಗೆ ಇವು ಒಂದೇ ಸೋಲಿನ ಮೂರು ರೂಪಗಳು. ಗಾದೆಯೂ ಅವನ್ನು ಬೇರೆ ಬೇರೆಯಾಗಿ ನೋಡುವುದಿಲ್ಲ. ಆದರೆ ನಿಧಾನವಾಗಿ ವಿವೇಚಿಸಿದರೆ ಒಂದೊಂದರ ಸ್ವರೂಪವೂ ಬೇರೆಯೆಂದು ತಿಳಿಯುವುದು.

ಮೊದಲನೆಯದು ಬಾಗಿಲಲ್ಲಿಯೇ ಆದ ತಡೆ. ಅಲ್ಲಿ ಪರೀಕ್ಷೆಯೇ ನಡೆಯಲಿಲ್ಲ; ಅಳೆದುದು ಆಟಗಾರನನ್ನಲ್ಲ, ಅವನ ದೇಶವನ್ನು. ಇಂತಹ ತಡೆಗೆ ಹಳೆಯ ಉದಾಹರಣೆಯೊಂದು ಮಲ್ಲರ ಚರಿತ್ರೆಯಲ್ಲಿಯೇ ಉಂಟು. 1910ರಲ್ಲಿ ಗಾಮಾ ಪೈಲ್ವಾನನು ಲಂಡನ್ನಿಗೆ ಹೋದಾಗ, ಮೈಕಟ್ಟು ಗಿಡ್ಡವೆಂಬ ನೆಪದಿಂದ ಅಲ್ಲಿನ ಪಂದ್ಯಾವಳಿಯಲ್ಲಿ ಅವನಿಗೆ ಪ್ರವೇಶವು ದೊರೆಯಲಿಲ್ಲ. ಅವನು ಬಹಿರಂಗವಾಗಿ ಪಂಥಾಹ್ವಾನವನ್ನು ಕೊಟ್ಟು, ಅಮೆರಿಕದ ರೋಲರ್ ಎಂಬ ಜಟ್ಟಿಯನ್ನು ಕೆಡವಿದನು. ಆ ವರ್ಷದ ಸೆಪ್ಟೆಂಬರ್ 10ರಂದು ಪೋಲೆಂಡಿನ ಜ್ಬಿಸ್ಕೋ ಎರಡು ಗಂಟೆಗೂ ಮೀರಿ ನೆಲವನ್ನು ಕಚ್ಚಿ ಮಲಗಿ ಸೋಲನ್ನು ತಪ್ಪಿಸಿಕೊಂಡನು. ಒಂದು ವಾರದ ನಂತರ ಗೊತ್ತಾಗಿದ್ದ ಮರುಪಂದ್ಯಕ್ಕೆ ಬರಲೇ ಇಲ್ಲ. 1928ರಲ್ಲಿ ಪಟಿಯಾಲಾದಲ್ಲಿ ಇವರಿಬ್ಬರೂ ಮತ್ತೆ ಸೇರಿದಾಗ ಗಾಮಾನು ಅವನನ್ನು ಒಂದು ನಿಮಿಷದೊಳಗೆ ಚಿತ್ತುಮಾಡಿದನು. ಬಾಗಿಲು ಮುಚ್ಚಿದವರ ಅಳತೆಗೋಲು ಎಂತಹುದೆಂಬುದು ಹೀಗೆ ಬೆಳಕಿಗೆ ಬಂದಿತು. ಆದರೆ ಬಾಗಿಲಲ್ಲಿ ತಡೆಯಲ್ಪಟ್ಟವರೆಲ್ಲರೂ ಗಾಮಾಗಳಲ್ಲ ಎಂಬುದನ್ನೂ ಮರೆಯಬಾರದು. ತಡೆಯಲ್ಪಟ್ಟುದು ಯೋಗ್ಯತೆಗೆ ಸಾಕ್ಷಿಯಲ್ಲ, ಅಯೋಗ್ಯತೆಗೂ ಸಾಕ್ಷಿಯಲ್ಲ. ಆ ವಿಷಯದಲ್ಲಿ ತೀರ್ಪನ್ನು ಕೊಡದೆ ಸುಮ್ಮನಿರುವುದೇ ನ್ಯಾಯ.

ಎರಡನೆಯ ಬಗೆಯೆಂದರೆ, ಒಳಗೆ ಬಿಟ್ಟುಕೊಂಡೂ ಕೆಲಸಕ್ಕೆ ಹಚ್ಚದಿರುವುದು. ಬೇಕಾಗಿ ಕರೆಯುವುದು ಬೇರೆ, ಇರಲಿ ಎಂದು ಇರಿಸಿಕೊಳ್ಳುವುದು ಬೇರೆ. ಇರಿಸಿಕೊಂಡವರಿಗೆ ಹೊಸಬನ ಸ್ಥಾನದಲ್ಲಿ ಆಗಲೇ ಬೇರೊಬ್ಬರಿದ್ದರೆ, ಹೊಸಬನು ಪಂಕ್ತಿಯ ಕೊನೆಯಲ್ಲಿ ಕುಳಿತು ಎಲೆಯನ್ನು ನೋಡುತ್ತಿರಬೇಕಾಗುತ್ತದೆ. ಕಲಿಯಲು ಆಡಬೇಕು, ಆಡಲು ಕಲಿತಿರಬೇಕು. ಈ ಸುಳಿಯಿಂದ ಒಬ್ಬಂಟಿಯಾದವನು ಪಾರಾಗುವುದು ಕಷ್ಟ. ಕ್ಯಾನ್ಸಾಸಿನಲ್ಲಿ ಒಂದು ಲೀಗ್ ಪಂದ್ಯವನ್ನೂ ಆಡದವನನ್ನು ಅಲ್ಲಿ ಸೋತನೆನ್ನುವುದು ಮಾತಿನ ಅಪಪ್ರಯೋಗ. ಅಹಮದ್ ಖಾನರಿಗೆ ಕಲ್ಕತ್ತೆಯಲ್ಲಿ ದೊರೆತುದೂ ಇವರಿಗೆ ಅಮೆರಿಕದಲ್ಲಿ ದೊರೆಯದುದೂ ಒಂದೇ: ತನಗಾಗಿ ಕಾದಿರುವ ಒಂದು ಕೆಲಸ.

ಮೂರನೆಯದೇ ನಿಜವಾದ ಸೋಲು. ಅದನ್ನು ನೆಲದ ಡೊಂಕಿನ ಮೇಲೆ ಹೊರಿಸಲಾಗದು. ಸ್ಪೋರ್ಟಿಂಗ್ ತಂಡದಲ್ಲಿ ಒಂದು ವಾರದ ಅಭ್ಯಾಸವಾದ ಮೇಲೆ ಮುಖ್ಯ ತರಬೇತುದಾರರು ಛೇತ್ರಿಯವರನ್ನು ಕರೆದು, ಮೊದಲನೆಯ ತಂಡಕ್ಕೆ ಸಾಲದವರೆಂದೂ ಎರಡನೆಯ ತಂಡಕ್ಕೆ ಹೋಗಬೇಕೆಂದೂ ಹೇಳಿದರಂತೆ. ಈ ಸಂಗತಿಯನ್ನು ಲೋಕಕ್ಕೆ ತಿಳಿಸಿದವರು ಛೇತ್ರಿಯವರೇ. ಅಷ್ಟೇ ಅಲ್ಲ, ಆ ತರಬೇತುದಾರರು ಹೇಳಿದುದು ಸರಿಯಾಗಿತ್ತೆಂದೂ ಎರಡು ತಂಡಗಳ ಆಟದ ವೇಗದಲ್ಲಿ ನಿಜವಾಗಿಯೂ ಅಂತರವಿತ್ತೆಂದೂ ಅವರು ಬಹಿರಂಗವಾಗಿ ಒಪ್ಪಿಕೊಂಡಿದ್ದಾರೆ.

ಈ ಒಪ್ಪಿಗೆಯ ನೈತಿಕ ಬೆಲೆ ಸಾಮಾನ್ಯವಾದುದಲ್ಲ. ಪರವಾನಗಿಯನ್ನು ನಿರಾಕರಿಸಿದ ಸರಕಾರವನ್ನೂ ಆಡಿಸದ ತಂಡವನ್ನೂ ನೆನೆದು, ಮೂರನೆಯ ಸೋಲನ್ನೂ ಅವುಗಳ ಜೊತೆಗೆ ಸೇರಿಸಿ, ಎಲ್ಲವೂ ಅನ್ಯಾಯವೇ ಎಂದುಬಿಡುವುದು ಅವರಿಗೆ ಸುಲಭವಾಗಿತ್ತು; ಕೇಳುವ ಸ್ವದೇಶೀಯರೂ ಸಂತೋಷದಿಂದ ತಲೆದೂಗುತ್ತಿದ್ದರು. ಸೋತವನಿಗೆ ಒದಗುವ ಪ್ರಲೋಭನೆಗಳು ಎರಡು. ಎಲ್ಲ ಸೋಲುಗಳನ್ನೂ ಲೋಕದ ತಲೆಗೆ ಕಟ್ಟುವುದು ಒಂದು. ಎಲ್ಲವನ್ನೂ ತನ್ನ ಅಯೋಗ್ಯತೆಯ ಲೆಕ್ಕಕ್ಕೆ ಬರೆದುಕೊಂಡು ಕುಗ್ಗಿಹೋಗುವುದು ಇನ್ನೊಂದು. ಮೊದಲನೆಯದು ಅಹಂಕಾರ, ಎರಡನೆಯದು ವಿನಯದಂತೆ ಕಂಡರೂ ವಿನಯವಲ್ಲ, ವಿಚಾರದ ಸೋಮಾರಿತನ. ಯಾವುದು ಬಾಗಿಲ ದೋಷ, ಯಾವುದು ಎಡೆಯಿಲ್ಲದುದರ ದೋಷ, ಯಾವುದು ತನ್ನ ಕಾಲಿನ ದೋಷ ಎಂದು ಬಿಡಿಸಿ ನೋಡುವ ಧೈರ್ಯವೇ ಸತ್ಯನಿಷ್ಠೆ. ಅಕ್ಕಿಯಲ್ಲಿ ಕಲ್ಲನ್ನು ಆರಿಸುವವಳು ಮೊರವನ್ನೇ ಚೆಲ್ಲಿಬಿಡುವುದಿಲ್ಲ. ಕಲ್ಲನ್ನೂ ಅಕ್ಕಿಯೆಂದು ಬೇಯಿಸುವುದಿಲ್ಲ.

ನಿಜವಾದ ಸೋಲು ಕೂಡ ಎಷ್ಟನ್ನು ಹೇಳುತ್ತದೆಯೋ ಅಷ್ಟನ್ನು ಮಾತ್ರ ಅದರಿಂದ ತಿಳಿದುಕೊಳ್ಳಬೇಕು. ಇಂತಹ ತಂಡದಲ್ಲಿ, ಇಂತಹ ವರ್ಷದಲ್ಲಿ, ಇಂತಹ ಕೆಲಸಕ್ಕೆ ಈತನು ಸಾಲಲಿಲ್ಲ ಎಂಬುದು ಅದರ ಸಂಪೂರ್ಣ ಅರ್ಥ. ಈತನು ಯಾವ ಕೆಲಸಕ್ಕೂ ಸಾಲನು ಎಂದು ಅದು ಹೇಳುವುದಿಲ್ಲ. ಹಾಗೆ ಹೇಳಿಸುವವರು ಕೇಳುವವರೇ.

2013ರ ಜುಲೈ ತಿಂಗಳಲ್ಲಿ ಬೆಂಗಳೂರು ಎಫ್.ಸಿ. ಎಂಬ ಹೊಸ ತಂಡವು ಹುಟ್ಟಿತು. ಲಿಸ್ಬನ್ನಿನಿಂದ ಮರಳಿದ ಛೇತ್ರಿಯವರು ಅದರ ನಾಯಕರಾದರು. ಮೊದಲ ವರ್ಷ ತಂಡವು ತನ್ನ ಊರಿನ ಪಂದ್ಯಗಳನ್ನು ಆಡಿದುದು ದಂಡಿನ ಭಾಗದ ಅಶೋಕನಗರದಲ್ಲಿರುವ ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಹಿಂದೆ ಯುರೋಪಿನ ದೊಡ್ಡ ಅಂಗಳಗಳನ್ನು ಕಂಡವರಿಗೆ ಅದು ಚಿಕ್ಕದೇ. ಆದರೆ ಅಲ್ಲಿ ಅವರಿಗಾಗಿ ಒಂದು ಕೆಲಸವು ಕಾದಿತ್ತು. ಆ ಋತುವಿನಲ್ಲಿ ಅವರು ಲೀಗಿನಲ್ಲಿ 14 ಗೋಲುಗಳನ್ನು ಹೊಡೆದರು. ತಂಡವು ಹುಟ್ಟಿದ ವರ್ಷವೇ, 2013–14ರಲ್ಲಿ, ರಾಷ್ಟ್ರೀಯ ಲೀಗನ್ನು ಗೆದ್ದಿತು. 2015–16ರಲ್ಲಿ ಮತ್ತೊಮ್ಮೆ ಗೆದ್ದಿತು.

ಇಲ್ಲಿ ಪೂರ್ವಪಕ್ಷದವರು ಇನ್ನೊಂದು ಗಾದೆಯನ್ನು ತರಬಹುದು: "ಹಾಳೂರಿಗೆ ಉಳಿದವನೇ ಗೌಡ." ಚಿಕ್ಕ ಕಣಕ್ಕೆ ಮರಳಿ ಗೆದ್ದುದು ಏನು ದೊಡ್ಡದು, ಎಂದು. ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಬೆಂಗಳೂರು ಲಿಸ್ಬನ್ನಲ್ಲ, ಭಾರತದ ಲೀಗು ಯುರೋಪಿನ ಲೀಗುಗಳಿಗೆ ಸಮನಲ್ಲ. ಹಾಗೆಂದು ಹೇಳಿಕೊಂಡರೆ ಅದು ಮತ್ತೆ ನೆಲವನ್ನು ದೂರಿದಂತೆಯೇ ಆಗುತ್ತದೆ. ಆದರೆ ಗೌಡಿಕೆಯ ಬೆಲೆಯನ್ನು ಊರಿನ ಗಾತ್ರದಿಂದ ಮಾತ್ರ ಅಳೆಯಬಹುದೆ? ಊರಿಗೆ ಅವನಿಂದ ಏನಾಯಿತೆಂಬುದನ್ನೂ ಕೇಳಬೇಕಲ್ಲವೆ? 2016ರ ಅಕ್ಟೋಬರ್ 19ರಂದು ಕಂಠೀರವ ಕ್ರೀಡಾಂಗಣದಲ್ಲಿ, ಹಿಂದಿನ ವರ್ಷ ಏಷ್ಯಾದ ಎ.ಎಫ್.ಸಿ. ಕಪ್ಪನ್ನು ಗೆದ್ದಿದ್ದ ಮಲೇಷಿಯಾದ ಜೊಹೊರ್ ತಂಡವನ್ನು ಬೆಂಗಳೂರು 3–1 ಗೋಲುಗಳಿಂದ ಸೋಲಿಸಿತು. ಆ ಮೂರರಲ್ಲಿ ಎರಡನ್ನು ಹೊಡೆದವರು ಛೇತ್ರಿ. ಭಾರತದ ತಂಡವೊಂದು ಆ ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದುದು ಅದೇ ಮೊದಲು. ನವೆಂಬರ್ 5ರಂದು ದೋಹಾದಲ್ಲಿ ನಡೆದ ಆ ಪಂದ್ಯದಲ್ಲಿ ಇರಾಕಿನ ವಾಯುಸೇನೆಯ ತಂಡವು ಒಂದೇ ಗೋಲಿನಿಂದ ಗೆದ್ದಿತು. ಒಬ್ಬನ ಸೋಲಿನಿಂದ ಮೊದಲಾದ ಮರುಪಯಣವು ಇಡೀ ತಂಡವನ್ನು ಇನ್ನೂ ದೊಡ್ಡದೊಂದು ಕಣದ ಹೊಸ್ತಿಲಿಗೆ ಕೊಂಡೊಯ್ದಿತು. ಅಲ್ಲಿ ಮತ್ತೊಂದು ಸೋಲು ಕಾದಿತ್ತು. ಪ್ರತಿಯೊಂದು ದೊಡ್ಡ ಕಣದ ಆಚೆಗೂ ಇನ್ನೊಂದು ಇದ್ದೇ ಇರುವುದು. ಅತ್ಯಂತ ದೊಡ್ಡ ಕಣದಲ್ಲಿ ಗೆದ್ದವನೊಬ್ಬನೇ ಯೋಗ್ಯನೆಂದು ಹಟ ಹಿಡಿದರೆ, ಲೋಕದಲ್ಲಿ ಯೋಗ್ಯರೆನಿಸಿಕೊಳ್ಳಲು ಯಾರೂ ಉಳಿಯುವುದಿಲ್ಲ.

2024ರ ಜೂನ್ 6ರಂದು ಕಲ್ಕತ್ತೆಯಲ್ಲಿ ಕುವೈತಿನ ವಿರುದ್ಧ ಆಡಿ ಛೇತ್ರಿಯವರು ದೇಶದ ತಂಡಕ್ಕೆ ವಿದಾಯ ಹೇಳಿದಾಗ, ದೇಶಕ್ಕಾಗಿ ಅವರು ಹೊಡೆದ ಗೋಲುಗಳ ಸಂಖ್ಯೆ 94 ಆಗಿತ್ತು. ಮರುವರ್ಷ ತಂಡಕ್ಕೆ ಅವರ ಅವಶ್ಯಕತೆ ಕಂಡಾಗ ಅವರು ಮತ್ತೆ ಬಂದು ಆಡಿದರು. ಬೇಕೆಂದು ಕರೆದ ಕಡೆಗೆ ಹೋಗುವುದರಲ್ಲಿ ಅವರಿಗೆ ಸಂಕೋಚವಿರಲಿಲ್ಲ.

ಇಷ್ಟರಿಂದ ಹೊರಡುವ ತಾತ್ಪರ್ಯವು ದೊಡ್ಡ ಕಣಕ್ಕೆ ಹೋಗಬಾರದೆಂದಲ್ಲ. ಹೋಗದೆ ಉಳಿದವನು ತನ್ನ ಕಾಲಿನ ವೇಗವನ್ನು ತಾನೇ ಅರಿಯದೆ ಹೋಗುವನು. ಲಿಸ್ಬನ್ನಿನ ಆ ಒಂದು ವಾರವೂ ಒಂದು ವಿದ್ಯೆಯೇ. ಹೋಗುವವನು ಹೊರಡುವ ಮೊದಲು ಕೇಳಿಕೊಳ್ಳಬೇಕಾದುದು ಕಣವು ಎಷ್ಟು ದೊಡ್ಡದೆಂದಲ್ಲ. ಅಲ್ಲಿ ತನಗಾಗಿ ಯಾವ ಕೆಲಸ ಕಾದಿದೆಯೆಂದು. ಮರಳಿ ಬಂದರೆ ಮೂರು ಬಗೆಯ ಸೋಲುಗಳಲ್ಲಿ ತನ್ನದು ಯಾವುದೆಂದು ಏಕಾಂತದಲ್ಲಿ ಕುಳಿತು ಬಿಡಿಸಿ ನೋಡಬೇಕು.

ಮನೆಯಲ್ಲಿರುವವರ ಕರ್ತವ್ಯವು ಇದಕ್ಕಿಂತಲೂ ಹಿರಿದು. ಬೆಂಗಳೂರಿನ ದಂಡು ರೈಲುನಿಲ್ದಾಣದಲ್ಲಿಯೋ ಕೃಷ್ಣರಾಜಪುರದ ನಿಲ್ದಾಣದಲ್ಲಿಯೋ, ಹೋಗುವಾಗ ಹಾರ ಹಾಕಿಸಿಕೊಂಡು ಹೋದ ಹುಡುಗನು, ಬರುವಾಗ ಪೆಟ್ಟಿಗೆಯನ್ನು ತಾನೇ ಹೊತ್ತುಕೊಂಡು ಇಳಿಯುವುದುಂಟು. ಆ ದಿನ ಮನೆಯವರು ಕೇಳುವ ಮೊದಲ ಪ್ರಶ್ನೆಯು ಅವನ ಮುಂದಿನ ಹತ್ತು ವರ್ಷಗಳನ್ನು ಕಟ್ಟಲೂಬಹುದು, ಕೆಡಿಸಲೂಬಹುದು. ಏಕೆ ಸೋತೆ ಎಂದು ಕೇಳುವ ಹಕ್ಕು ಯಾರಿಗಾದರೂ ಇದ್ದರೆ ಅದು ಅವನಿಗೇ. ಊಟವಾದ ಮೇಲೆ, ಅವನು ತಾನಾಗಿ ಮಾತು ತೆಗೆದಾಗ, ಗಾದೆಯನ್ನು ನುಡಿಯದೆ ಕೊನೆಯವರೆಗೂ ಕೇಳಿಸಿಕೊಳ್ಳುವ ಒಬ್ಬ ಹಿರಿಯರು ಮನೆಯಲ್ಲಿದ್ದರೆ ಸಾಕು. ಉಳಿದುದನ್ನು ಅವನೇ ನೋಡಿಕೊಳ್ಳುವನು.